ಜಂತ್ರಡಿ ತಡವಾದ ವರ್ಷ

"ಇದಲ್ಲ ಅಜ್ಜಾ," ಅಂದಳು ರಂಜನಾ.

ಅಷ್ಟೇ ಅಂದದ್ದು. ದನಿ ಏರಿಸಲಿಲ್ಲ. ಗಜನಿಯ ಕಟ್ಟೆಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತು, ಬೊಮ್ಮಯ್ಯ ನಾಲ್ಕು ಗೂಟ ಹುಗಿದು ಬಾಳೆಹಗ್ಗ ಸುತ್ತಿ ಕಾಪಾಡಿಟ್ಟಿದ್ದ ಗಿಡವನ್ನು ನೋಡಿದಳು. ಆಮೇಲೆ ಕಟ್ಟೆಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದಳು. ಕಟ್ಟೆ ಮದುಮಗನ ಗಲ್ಲದ ಹಾಗೆ ನುಣ್ಣಗೆ ಇತ್ತು. ಒಂದು ಕಡ್ಡಿ ಇಲ್ಲ, ಒಂದು ಮುಳ್ಳಿಲ್ಲ. ಎರಡು ದಿನ ಬೆಳಗಿನಿಂದ ಬೈಗಿನ ತನಕ ಕೂತು, ಕತ್ತಿಯನ್ನು ಮತ್ತೆ ಮತ್ತೆ ಮಸೆದು, ಬೊಮ್ಮಯ್ಯ ತಾನೇ ಸವರಿದ್ದ. ಆಳು ಕರೆದಿರಲಿಲ್ಲ.

"ಇದಲ್ದೇ ಮತ್ತೆ ಯಾವ್ದು?" ಅಂದ ಬೊಮ್ಮಯ್ಯ. "ದಪ್ಪ ಎಲೆದು ಅಂದಿದ್ಯಲ್ಲೇ. ಜಂತ್ರಡಿ ಕಲ್ಲಿನ ಹತ್ರ ಅಂದಿದ್ಯಲ್ಲೇ. ಅದನ್ನೊಂದು ಬಿಟ್ಟು ಉಳ್ದದ್ದೆಲ್ಲಾ ತೆಗ್ದೆ. ನಾಳೆ ಪಾದ್ರಿಗಳು ಬಂದ್ರೆ ಕಾಲಿಗೆ ಒಂದು ಕಡ್ಡಿ ತಾಗೂಕೆ ಇಲ್ಲಾ."

"ದಪ್ಪ ಎಲೆದು ಇಲ್ಲಿ ಮೂರ್ನಾಲ್ಕು ಜಾತಿ ಅದೆ ಅಜ್ಜಾ. ನಂದು ಕಲ್ಲಿನ ಈಚೆ ಬದಿಗೆ ಇತ್ತು."

ಕಲ್ಲಿನ ಈಚೆ ಬದಿಗೆ ಈಗ ಇದ್ದದ್ದು ಮಣ್ಣು. ಮಣ್ಣಿಗೆ ಅಂಟಿಕೊಂಡ ಹಾಗೆ ಕೆಲವು ಕೂಳೆಗಳು, ಓರೆಯಾಗಿ ಕತ್ತರಿಸಿದವು, ತುದಿಯಲ್ಲಿ ಇನ್ನೂ ಹಸಿ. ಕೊಯ್ದ ಕಸವನ್ನು ಅವನು ಹಿಂದಿನ ಸಂಜೆಯೇ ಹೊರೆ ಕಟ್ಟಿ ಹಳ್ಳಕ್ಕೆ ಎಸೆದಿದ್ದ. ಇಳಿತದ ನೀರು ಅದನ್ನು ಆಗಲೇ ಸಮುದ್ರಕ್ಕೆ ಒಯ್ದಿರಬೇಕು.

ಹಗ್ಗದ ಬೇಲಿಯೊಳಗಿನ ಗಿಡದಲ್ಲಿ ಮಾತ್ರ ಆ ಬೆಳಿಗ್ಗೆಯಷ್ಟೇ ಒಂದು ನೀಲಿ ಹೂ ಅರಳಿ ಗಾಳಿಗೆ ತಲೆದೂಗುತ್ತಿತ್ತು.

ಅಂಕೋಲೆಯ ಬೊಬ್ರುವಾಡದ ಆಚೆ ಹಳ್ಳ ಸಮುದ್ರಕ್ಕೆ ತಿರುಗುವ ಕಡೆ ಈ ಗಜನಿ ಇರುವುದು. ಮಳೆಗಾಲ ಹಿಡಿಯುವ ಮೊದಲು ಕಟ್ಟೆಯ ಬಾಗಿಲಿಗೆ ಹಲಗೆ ಇಳಿಸಿದರೆ ಉಪ್ಪುನೀರು ಹೊರಗೇ ನಿಲ್ಲುತ್ತದೆ. ಒಳಗೆ ಮಳೆನೀರಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲು ಮುಗಿದ ಮೇಲೆ ಹಲಗೆ ಎತ್ತಿದರೆ ಸಮುದ್ರ ಉಬ್ಬುವ ಭರತಿಯ ಸಂಗಡ ಉಪ್ಪುನೀರು, ನೀರಿನ ಸಂಗಡ ಮೀನು, ಶೆಟ್ಲಿ ಅನ್ನುವ ಸಿಗಡಿ, ಏಡಿ ಎಲ್ಲ ಒಳಗೆ ಬರುತ್ತವೆ. ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಸಮುದ್ರ. ನಡುವೆ ಆ ಹಲಗೆಯ ಬಾಗಿಲು, ಅದಕ್ಕೇ ಜಂತ್ರಡಿ ಅನ್ನುವುದು. ಬೊಮ್ಮಯ್ಯನ ಅಜ್ಜ ಅದನ್ನು ನೋಡಿಕೊಂಡಿದ್ದ, ಅಪ್ಪ ನೋಡಿಕೊಂಡಿದ್ದ, ಅಪ್ಪನ ಮೊಣಕಾಲು ಸೋತ ಮೇಲೆ ಬೊಮ್ಮಯ್ಯ. ಭೂಮಿ ಹತ್ತು ಹದಿನೈದು ಮನೆಯವರದು, ಬಾಗಿಲು ಮಾತ್ರ ಅವನದು. ಕೊಯ್ಲಾದ ಮೇಲೆ ಎಲ್ಲರೂ ಕೂತು ಮಾತಾಡಿ ಮುಗಿಸಿ ಕಡೆಗೆ ಅವನ ಕಡೆ ತಿರುಗಿ, "ಬೊಮ್ಮಯ್ಯಣ್ಣಾ, ಯಾವ ಭರತಿಗೆ?" ಎಂದು ಕೇಳುವುದು ಪದ್ಧತಿ. ಅವನು ಹೇಳಿದ ಭರತಿಗೆ ನೀರು ಬಿಟ್ಟು, ಬಾಗಿಲಿಗೆ ಒಡ್ಡಿದ ಬಲೆಯಲ್ಲಿ ಮೊದಲು ಬಿದ್ದದ್ದನ್ನು ಒಂದು ಬುಟ್ಟಿ ತುಂಬಿ ಅವನ ಮುಂದಿಡುತ್ತಿದ್ದರು. ಬಾಗಿಲ ಬುಟ್ಟಿ ಅಂತಲೇ ಅದಕ್ಕೆ ಹೆಸರು. ಅವನು ಅದರಲ್ಲಿ ಒಂದು ಮೀನನ್ನೂ ಮನೆಗೆ ತರುತ್ತಿರಲಿಲ್ಲ. ಆ ವರ್ಷ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೋ ಆ ಮನೆಗೆ ಕಳಿಸುತ್ತಿದ್ದ. ಕೇರಿಯಲ್ಲಿ ಅರ್ಧ ಮಕ್ಕಳು ತಾನು ಕೊಟ್ಟ ಮೀನು ಉಂಡ ತಾಯಂದಿರ ಹಾಲು ಕುಡಿದು ಬೆಳೆದವರು ಎಂದು ಅವನಿಗೆ ಒಳಗೊಳಗೇ ಲೆಕ್ಕ.

ಇಷ್ಟು ವರ್ಷ ಅದೇ ಕಟ್ಟೆಯ ಮೇಲೆ ಓಡಾಡಿಯೂ ಆ ಗಿಡವನ್ನು ಅವನು ನೋಡಿರಲಿಲ್ಲ. ಕಣ್ಣಿಗೆ ಬಿದ್ದಿರಬಹುದು, ನೋಡಿರಲಿಲ್ಲ. ಕಸ ಅಂದರೆ ಕಸ. ಅದನ್ನು ನೋಡಿದವಳು ರಂಜನಾ. ಅವನ ಮಗ ಮಲ್ಲಾಪುರದ ಹತ್ತಿರದ ಅಣುಸ್ಥಾವರದಲ್ಲಿ ನೌಕರಿಗಿದ್ದ. ರಂಜನಾ ಬೆಳೆದದ್ದು ಅಲ್ಲಿಯ ಕ್ವಾರ್ಟರ್ಸಿನಲ್ಲಿ, ಈಗ ಕಾರವಾರದಲ್ಲಿ ರೂಮು ಮಾಡಿಕೊಂಡು ಗಿಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹಿಂದಿನ ವರ್ಷ ಅಜ್ಜಿಯ ಕೈಯ ಏಡಿ ಸಾರು ಉಣ್ಣಲಿಕ್ಕೆಂದು ಬಂದವಳು ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಏಳಲೇ ಇಲ್ಲ. "ಅಜ್ಜಾ, ಈ ಗಿಡಕ್ಕೆ ಎಂತ ಹೇಳ್ತಾರೆ?" ಎಂದು ಕೇಳಿದಳು. ಬೊಮ್ಮಯ್ಯ ದನದ ಹಗ್ಗ ಬಿಗಿಯುತ್ತಿದ್ದ. ತಲೆ ಎತ್ತದೆ, "ಹೂಂ, ಅದೇ, ಗೊತ್ತದೆ," ಎಂದಿದ್ದ. ಗೊತ್ತಿಲ್ಲ ಅನ್ನುವ ಮಾತು ಅವನ ಬಾಯಿಗೆ ಸುಲಭಕ್ಕೆ ಬರುವುದಲ್ಲ, ಅದೂ ತನ್ನ ಕಟ್ಟೆಯ ಮೇಲೆ.

ಅವಳು ಎರಡು ಕಡ್ಡಿ ಒಯ್ದು ಒಣಗಿಸಿದಳು, ಅಲ್ಲಿ ಇಲ್ಲಿ ತೋರಿಸಿದಳು, ಪುಸ್ತಕಗಳಲ್ಲಿ ಹುಡುಕಿದಳು. ಎಲ್ಲೂ ಇಲ್ಲ. ಇದಕ್ಕೆ ಲೋಕದಲ್ಲಿ ಇನ್ನೂ ಹೆಸರಿಲ್ಲ, ನಾವೇ ಇಡಬೇಕು ಎಂದು ಅವಳ ಸರ್ ಹೇಳಿದರಂತೆ. ಆದರೆ ಹೊಸ ಗಿಡವೊಂದು ಸಿಕ್ಕಿದರೆ ಅದರ ಲಕ್ಷಣವನ್ನು ಲ್ಯಾಟಿನ್ ಭಾಷೆಯಲ್ಲೇ ಬರೆಯಬೇಕು, ಇಲ್ಲದಿದ್ದರೆ ಲೋಕ ಒಪ್ಪುವುದಿಲ್ಲ. ಆಗ ಹಾಗೆ ನಿಯಮ. ಕಾರವಾರದಲ್ಲಿ ಲ್ಯಾಟಿನ್ ಬಲ್ಲವರು ಯಾರು? ಕೇಳುತ್ತ ಕೇಳುತ್ತ ಅವಳು ಸದಾಶಿವಗಡದಲ್ಲಿ ವಿಶ್ರಾಂತಿಗಿದ್ದ ಎಲೆಯಾಸ ಪಾದ್ರಿಗಳ ಬಾಗಿಲಿಗೆ ಹೋದಳು.

ಆಗಸ್ಟಿನಲ್ಲಿ ಬೊಮ್ಮಯ್ಯನೂ ಒಮ್ಮೆ ಅವಳ ಸಂಗಡ ಹೋಗಿದ್ದ. ಮೊಮ್ಮಗಳು ಯಾರ ಹತ್ತಿರ ಕಲಿಯುತ್ತಾಳೆಂದು ನೋಡಬೇಕೆಂದು. ಬಸ್ಸು ಕಾಳಿ ಸೇತುವೆ ದಾಟುವಾಗ ಕೆಳಗೆ ನೀರು ಯಾವ ಕಡೆ ಎಳೆಯುತ್ತಿದೆ ಎಂದು ಅಭ್ಯಾಸಬಲದಿಂದ ಇಣುಕಿದ. ಪಾದ್ರಿಗಳು ಅವನಿಗಿಂತ ಹತ್ತು ವರ್ಷವಾದರೂ ಹಿರಿಯರು, ಒಣಗಿದ ಬಂಗುಡೆಯಷ್ಟು ತೆಳ್ಳಗೆ. ಕಿವಿ ಚುರುಕು, ಕಣ್ಣು ಮಂಜು. ಹಜಾರದಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು.

"ಬನ್ನಿ ಬೊಮ್ಮಯ್ಯಬಾಬ. ನಿಮ್ಮ ಹುಡುಗಿ ನನ್ನ ತಲೆ ತಿಂತಾಳೆ. ಪೂಜೆಯೆಲ್ಲ ಕೊಂಕಣಿಗೆ ಬಂದ್ಮೇಲೆ ನಲವತ್ತು ವರ್ಷ ಯಾರೂ ನನ್ನ ಹತ್ರ ಒಂದು ಲ್ಯಾಟಿನ್ ಮಾತು ಕೇಳಿರಲಿಲ್ಲ. ಈಗ ಕೇಳ್ತಾರೆ, ಒಂದು ಹುಲ್ಲಿನ ಸಲುವಾಗಿ!" ಎಂದು ನಕ್ಕರು. ಆದರೆ ಆ ನಗುವಿನಲ್ಲಿ ಹಬ್ಬಕ್ಕೆ ಹೊಸ ಅಂಗಿ ಹಾಕಿದ ಹುಡುಗನ ಸಂಭ್ರಮ ಇತ್ತು. ಬೊಮ್ಮಯ್ಯನಿಗೆ ಅದು ಕಂಡಿತು.

ರಂಜನಾ ಒಣಗಿದ ಕಡ್ಡಿಯನ್ನು ಮುಂದಿಟ್ಟು, ಹೂ ಕೆಂಪು ಎಂದು ಬರೆಯಬೇಕೆಂದಳು.

"ಕೆಂಪು ಇದೆಯೋ, ಕೆಂಪು ಆಗ್ತದೆಯೋ?" ಎಂದು ಕೇಳಿದರು ಪಾದ್ರಿಗಳು.

"ಅಂದ್ರೆ?"

"ರುಬೆತ್ ಅಂದ್ರೆ ಕೆಂಪಗಿದೆ. ರುಬೆಶಿತ್ ಅಂದ್ರೆ ಕೆಂಪಾಗೂಕೆ ಹಿಡಿದಿದೆ. ಆ ಭಾಷೆಯಲ್ಲಿ ಆಗೂದಕ್ಕೆ, ಶುರುವಾಗೂದಕ್ಕೆ ಬೇರೆಯೇ ಕ್ರಿಯಾಪದಗಳ ಒಂದು ಸಂಸಾರ ಇದೆ ಮಗಾ." ಅವರು ಕಣ್ಣು ಮುಚ್ಚಿ, ಬೆರಳನ್ನು ಕುರ್ಚಿಯ ಕೈಗೆ ತಟ್ಟುತ್ತ ಹೇಳತೊಡಗಿದರು. "ವಿರೆಶಿತ್, ಹಸಿರಾಗ್ತದೆ. ಮತುರೆಶಿತ್, ಹಣ್ಣಾಗ್ತದೆ. ಲುಚೆಶಿತ್, ಬೆಳಗಾಗ್ತದೆ. ನಿಗ್ರೆಶಿತ್, ಕಪ್ಪಾಗ್ತದೆ. ಸೆನೆಶಿತ್, ಮುದುಕ ಆಗ್ತಾನೆ."

ಬೊಮ್ಮಯ್ಯನಿಗೆ ಅರ್ಥಕ್ಕಿಂತ ಮೊದಲು ಆ ಸದ್ದು ಹಿಡಿಯಿತು. ಹೊರಗೆ ಭರತಿ ಏರುವಾಗ ಜಂತ್ರಡಿಯ ಎರಡು ಹಲಗೆಯ ಸಂದಿನಲ್ಲಿ ನೀರು ಮೊದಲು ಜಿನುಗುವುದು ಹೀಗೇ, ಶಿತ್, ಶಿತ್ ಎಂದು.

"ಮುದುಕ ಆಗಿ ಆದವ್ನಿಗೆ ಎಂತ ಹೇಳ್ತಾರೆ ಪಾದ್ರಿಗಳೇ?" ಎಂದು ಕೇಳಿದ.

"ಅದಕ್ಕೂ ಮಾತಿದೆ. ನಾನು ಬಳಸೂದಿಲ್ಲ," ಅಂದರು ಪಾದ್ರಿಗಳು. ಮೂವರೂ ನಕ್ಕರು.

ಆದರೆ ಪ್ರಶ್ನೆ ಅಲ್ಲೇ ಉಳಿಯಿತು. ಒಣಗಿದ ಕಡ್ಡಿಯಲ್ಲಿ ಒಂದು ಹೂ ಬೆಳ್ಳಗೆ, ಒಂದು ಕೆಂಪಗೆ, ಒಂದು ನಡುವಿನ ಬಣ್ಣ. ಬಿಳಿಯದು ಕೆಂಪಾಗುವುದೋ, ಕೆಂಪು ಬಿಳುಚುವುದೋ, ಅಥವಾ ಒಂದೇ ಗಿಡದಲ್ಲಿ ಎರಡು ಬಗೆಯ ಹೂವೋ? ರಂಜನಾ ಬೊಮ್ಮಯ್ಯನ ಮುಖ ನೋಡಿದಳು. "ಅಜ್ಜಂಗೆ ಗೊತ್ತಿರ್ತದೆ. ಅವ್ರ ಕಟ್ಟೆ ಮೇಲಿನದು."

ಬೊಮ್ಮಯ್ಯ ಕೆಮ್ಮಿದ. ಸೂರಿನ ಜಂತೆ ನೋಡಿದ. ಕಡೆಗೆ, "ನೋಡ್ಲಿಲ್ಲಾ," ಅಂದ. ಜೀವಮಾನದಲ್ಲಿ ಒಂದು ಮಾತು ಅಷ್ಟು ಭಾರ ಆದದ್ದು ಅವನಿಗೆ ನೆನಪಿಲ್ಲ.

"ಹಾಗಾದ್ರೆ ಕೂತು ನೋಡುವ," ಎಂದರು ಪಾದ್ರಿಗಳು. "ನನ್ನನ್ನೂ ಕರ್ಕೊಂಡು ಹೋಗಿ. ಕಾಣದೆ ಬರೆದು ನಾನು ಸುಳ್ಳು ಹೇಳಲಾರೆ. ಈ ವರ್ಷವೇ ಆಗ್ಬೇಕು. ಮುಂದಿನ ವರ್ಷಕ್ಕೆ ನನ್ನ ಗ್ಯಾರಂಟಿ ನನಗೇ ಇಲ್ಲ."

ರಂಜನಾಳಿಗೂ ಈ ವರ್ಷವೇ ಆಗಬೇಕಿತ್ತು. ಅವಳ ವಿದ್ಯಾರ್ಥಿವೇತನ ಮಾರ್ಚಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಬರೆದು ಕಳಿಸದಿದ್ದರೆ ಗಿಡ ಬಿಟ್ಟು ಎಲ್ಲಾದರೂ ಶಾಲೆಯ ಕೆಲಸ ಹುಡುಕಬೇಕು. ನವರಾತ್ರಿಯ ಹೊತ್ತಿಗೆ ಹೂ ಬಿಡುತ್ತದೆ, ಆಗ ಪಾದ್ರಿಗಳನ್ನು ಕರೆತರುವುದು ಎಂದು ನಿಶ್ಚಯವಾಯಿತು. ಅಷ್ಟು ದೊಡ್ಡವರು, ಅಷ್ಟು ದೂರದಿಂದ, ತನ್ನ ಕಟ್ಟೆಗೆ! ಆ ಉತ್ಸಾಹದಲ್ಲೇ ಬೊಮ್ಮಯ್ಯ ಕತ್ತಿ ಮಸೆದದ್ದು.

ಪಾದ್ರಿಗಳಿಗೆ ಬರುವುದು ಬೇಡವೆಂದು ಫೋನು ಮಾಡಿ ರಂಜನಾ ಕಾರವಾರಕ್ಕೆ ಮರಳಿದಳು. ಹೋಗುವಾಗ ಅಜ್ಜನ ಕಾಲು ಮುಟ್ಟಿ, "ಬೇರು ಅದೆಯಲ್ಲ ಅಜ್ಜಾ, ನೋಡುವ," ಎಂದಳು. ಬೈದಿದ್ದರೆ ಚಲೋ ಆಗುತ್ತಿತ್ತು ಎಂದುಕೊಂಡ ಬೊಮ್ಮಯ್ಯ.

ಹೆಂಡತಿ ಮಾದೇವಿ ಬಿಡಲಿಲ್ಲ. "ಪಾಪ, ಮೂಕ ಹೆಣ್ಣು. ನಾನಾಗಿದ್ರೆ ಆ ಕತ್ತಿ ಕಸ್ಕಂಡು ಹಳ್ಳಕ್ಕೇ ಎಸಿತಿದ್ದೆ. ಯಾವ್ದು ಅಂತ ಒಂದು ಮಾತು ಕೇಳೂಕೆ ನಿಮ್ಗೆ ಎಂತಾಗಿತ್ತು?"

"ಗೊತ್ತದೆ ಅಂತ ಮಾಡಿದ್ದೆ."

"ಗೊತ್ತದೆ, ಗೊತ್ತದೆ. ಮದುವೆ ಆದ ದಿನದಿಂದ ಅದೊಂದೇ ಮಾತು."

ಮಾರನೆ ದಿನದಿಂದ ಬೊಮ್ಮಯ್ಯ ಬೆಳಗಿನ ಗಂಜಿ ಕುಡಿದವನೇ ಕಟ್ಟೆಗೆ ಹೋಗಿ ಕೂರತೊಡಗಿದ. ಬೇಲಿಯನ್ನು ಕಿತ್ತು ಕಲ್ಲಿನ ಈಚೆ ಬದಿಗೆ, ಬೋಳು ಮಣ್ಣಿನ ಸುತ್ತ ಹಾಕಿದ. ಏನೂ ಇಲ್ಲದ ಕಡೆ ಬೇಲಿ ಹಾಕಿ ಕಾಯುವ ಮುದುಕನನ್ನು ನೋಡಿ ಕೇರಿ ನಗಾಡಿತು. ಪಕ್ಕದ ಗದ್ದೆಯ ಹುಲಿಯಾ ಏಡಿ ಹಿಡಿಯಲು ಹೋಗುತ್ತ ದಿನಾ ನಿಂತು ಕೇಳುವನು: "ಬೊಮ್ಮಯ್ಯಣ್ಣಾ, ಎಷ್ಟು ಬೆಳ್ದದೆ ಮಣ್ಣು?"

"ನಿನ್ನ ಬುದ್ಧಿಗಿಂತ ಹೆಚ್ಚು," ಅನ್ನುವನು ಬೊಮ್ಮಯ್ಯ.

ದನ ಬಂದರೆ ಕಲ್ಲು ಬೀರಿ ಓಡಿಸಿದ. ಬಿಸಿಲು ಜೋರಾದರೆ ತೆಂಗಿನ ಗರಿ ಮುಚ್ಚಿದ, ಆಮೇಲೆ ಇದು ಬಿಸಿಲಿನ ಗಿಡವೋ ನೆರಳಿನದೋ ಗೊತ್ತಿಲ್ಲವಲ್ಲ ಎಂದು ತೆಗೆದ. ಮತ್ತೆ ಮುಚ್ಚಿದ. ನೀರು ಹಾಕಬೇಕೋ ಬೇಡವೋ, ಹಾಕಿದರೆ ಸಿಹಿಯೋ ಉಪ್ಪೋ, ಅದೂ ಗೊತ್ತಿಲ್ಲ. ಗೊತ್ತಿಲ್ಲದ್ದು ಇಷ್ಟು ಇರುತ್ತದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟ ತಂದ ಮಾದೇವಿ ಪಕ್ಕದಲ್ಲಿ ಕೂತು, "ನನ್ನ ನೋಡೂಕೆ ಬಂದಾಗ ಸೈತ ಇಷ್ಟು ಹೊತ್ತು ನೋಡಿರ್ಲಿಲ್ಲ ನೀವು," ಎಂದಳು.

"ನಿಂಗೆ ಹೆಸರಿತ್ತು," ಅಂದ ಬೊಮ್ಮಯ್ಯ.

ಒಂದು ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ಕೂಳೆಯ ಬುಡದಲ್ಲಿ ಒಂದು ಗುಲಗಂಜಿಗಿಂತ ಸಣ್ಣ ಗಂಟು. ಇರುವೆಯೋ ಎಂದು ಊದಿ ನೋಡಿದ, ಹಾರಲಿಲ್ಲ. ಮರುದಿನ ಗಂಟು ಸೀಳಿ ಒಳಗಿನಿಂದ ಎರಡು ಎಲೆ, ದಪ್ಪ, ತಿಳಿ ಹಸಿರು, ಮಗುವಿನ ಕಿವಿಯ ಹಾಗೆ. ಬೊಮ್ಮಯ್ಯ ಲುಂಗಿ ಎತ್ತಿ ಕಟ್ಟಿ ರಸ್ತೆಯ ಅಂಗಡಿಗೆ ನಡೆದ. ಕಾಯಿನ್ ಫೋನಿನಲ್ಲಿ ನಂಬರು ಒತ್ತಲು ಅಂಗಡಿಯವನಿಗೇ ಹೇಳಿದ.

"ತಂಗೀ, ಹಸಿರಾಗೂಕೆ ಹಿಡೀತು," ಎಂದು ಕೂಗಿದ. ಫೋನಿಲ್ಲದೆಯೂ ಕಾರವಾರಕ್ಕೆ ಕೇಳಬೇಕು, ಅಷ್ಟು ಜೋರು.

ಆ ಕಡೆ ರಂಜನಾ ನಕ್ಕಳು. "ಅದಕ್ಕೂ ಒಂದು ಮಾತದೆ ಅಜ್ಜಾ. ಪಾದ್ರಿಗಳು ಹೇಳಿಕೊಟ್ರು. ಮತ್ತೆ ಹಸಿರಾಗೂದಕ್ಕೆ, ರೆವಿರೆಶಿತ್ ಅಂತ."

"ಅದೇ ಅದೇ. ಅದೇ ಆಗಿದ್ದು," ಅಂದ ಬೊಮ್ಮಯ್ಯ.

ಗಿಡ ಬೆಳೆಯಿತು. ಆದರೆ ಕಗ್ಗವೂ ಹಣ್ಣಾಯಿತು. ದೀಪಾವಳಿಗೆ ಮೊದಲು ಎಲ್ಲರ ಕೊಯ್ಲು ಮುಗಿದು ಗಜನಿ ಬರಿದಾಯಿತು. ದೀಪಾವಳಿ ಅಮಾವಾಸ್ಯೆಯ ದೊಡ್ಡ ಭರತಿಗೆ ಬಾಗಿಲು ತೆಗೆಯುವುದು ಅಜ್ಜನ ಕಾಲದಿಂದ ಬಂದದ್ದು. ಗಿಡ ಇದ್ದದ್ದು ಕಟ್ಟೆಯ ಒಳ ಓರೆಯಲ್ಲಿ, ಬಾಗಿಲಿನ ಮಗ್ಗುಲಿಗೇ. ನೀರು ಬಿಟ್ಟರೆ ಮೊದಲು ಮುಳುಗುವುದೇ ಅದು. ಮೊಗ್ಗಿನ ಸುಳಿವೂ ಇರಲಿಲ್ಲ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ರಾಮನಾಥನ ಅಂಗಳದಲ್ಲಿ ಎಲ್ಲರೂ ಕೂಡಿದರು. ಗಜನಿಯಲ್ಲಿ ಹೆಚ್ಚು ಭೂಮಿ ಇದ್ದವನು ರಾಮನಾಥ, ಹೆಚ್ಚು ಮಾತಾಡುವವನೂ ಅವನೇ. ಕಟ್ಟೆಯ ದುರಸ್ತಿ, ಬಲೆಯ ಸರದಿ, ಯಾರ ದನ ಯಾರ ಭತ್ತದ ಕುತ್ರಿಗೆ ಬಾಯಿ ಹಾಕಿತು, ಎಲ್ಲ ಮುಗಿಯಿತು. ಎಲೆ ಅಡಿಕೆಯ ತಟ್ಟೆ ಒಂದು ಸುತ್ತು ತಿರುಗಿತು. ರಾಮನಾಥ ಬೊಮ್ಮಯ್ಯನ ಕಡೆ ತಿರುಗಿದ.

"ಬೊಮ್ಮಯ್ಯಣ್ಣಾ, ಯಾವ ಭರತಿಗೆ?"

ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ಕೆಲವರು ಆಗಲೇ ಏಳಲು ಚಪ್ಪಲಿ ಹುಡುಕುತ್ತಿದ್ದರು.

"ಈ ಅಮಾಸೆಗೆ ಬೇಡ," ಅಂದ ಬೊಮ್ಮಯ್ಯ. "ಹುಣ್ಣಿಮೆಗೆ ಬಿಡುವ."

ಚಪ್ಪಲಿ ಹುಡುಕುತ್ತಿದ್ದವರು ಕೂತರು.

"ಎಂತಕೆ? ಹಲಗೆ ಹಾಳಾಯ್ತಾ?" ಎಂದ ರಾಮನಾಥ.

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಕೆಳಗಿನ ಹಲಗೆ ಸೀಳಿದೆ, ಹೊಸದು ಕೊಯ್ಸಬೇಕು, ಹದಿನೈದು ದಿನ ಬೇಕು. ಬೊಮ್ಮಯ್ಯ ಹೇಳಿದರೆ ಒಬ್ಬನೂ ಹೋಗಿ ನೋಡುವವನಲ್ಲ. ಮಾತು ನಾಲಿಗೆಯ ತುದಿಯ ತನಕ ಬಂತು. ಆದರೆ ತನ್ನ ಜಂತ್ರಡಿ ಹಾಳಾಗಿದೆ ಎಂದು ತಾನೇ ಹೇಳುವುದೇ? ಅಪ್ಪ ಹಲಸಿನ ಮರದ ಎಳೆ ನೋಡಿ ಆರಿಸಿದ ಹಲಗೆ.

"ಹಲಗೆ ಗಟ್ಟಿ ಅದೆ," ಅಂದ. "ನನ್ನ ಮೊಮ್ಮಗಳ ಗಿಡ ಹೂ ಬಿಡೂದು ಬಾಕಿ ಅದೆ."

ಮೊದಲು ನಕ್ಕದ್ದು ಹುಲಿಯಾ. ಆಮೇಲೆ ಅಂಗಳವೇ ನಕ್ಕಿತು. "ಯಾವ ಗಿಡ? ನೀವು ಬೇಲಿ ಹಾಕಿ ಸಾಕಿದ್ರಲ್ಲ, ಅದೋ? ನೀಲಿ ಹೂ ಬಿಟ್ಟಾಯ್ತಲ್ಲ!" ಎಂದು ಒಬ್ಬ. "ಹೂ ಮುಡಿಯೂದು ಯಾರು, ಮಾದೇವಕ್ಕನೋ ಪಾದ್ರಿಯೋ?" ಎಂದು ಇನ್ನೊಬ್ಬ.

ರಾಮನಾಥ ನಗಲಿಲ್ಲ. "ಅಮಾಸೆ ನೀರಿಗೆ ಶೆಟ್ಲಿ ಮರಿ ಬರ್ತದೆ. ನಿಮ್ಗೆ ನಾನು ಹೇಳಿ ಕೊಡ್ಬೇಕಾ ಅಣ್ಣಾ? ಆ ನೀರು ತಪ್ಪಿದ್ರೆ ಇಡೀ ಗಜನಿಗೆ ಕಡಿಮೆ. ಒಂದು ಕಸಕ್ಕೆ?"

"ಕಸವೇ ಹೌದು. ಕಸ ಅಂತೇಳಿಯೇ ನಾನು ಕೊಯ್ದದ್ದು." ಬೊಮ್ಮಯ್ಯ ಎದ್ದು ನಿಂತ. ಕೂತು ಹೇಳುವ ಮಾತಲ್ಲ ಎಂದು ಅವನಿಗೆ ಅನ್ನಿಸಿತು. "ಇಷ್ಟು ವರ್ಷ ಈ ಅಂಗಳಕ್ಕೆ ಬಂದೆ. ನೀವು ಕೇಳಿದ್ದು, ನಾನು ಹೇಳಿದ್ದು. ನಾನು ಯಾರ ಹತ್ರಾದ್ರೂ ಎಂತಾದ್ರೂ ಬೇಡಿದ್ದು ಅದ್ಯಾ? ಇವತ್ತು ಬೇಡ್ತೆ. ಒಂದು ಭರತಿ ಬಿಟ್ಟುಕೊಡಿ. ನಮ್ಮ ಕಟ್ಟೆ ಮೇಲೆ ಹುಟ್ಟಿದ್ದು, ನಾವು ತುಳ್ಕಂಡು ತಿರುಗಿದ್ದು. ಅದಕ್ಕೊಂದು ಹೆಸರು ಬರೂದದೆ, ನಮ್ಮ ಮನೆ ಹೆಣ್ಣು ಕೊಡ್ತದೆ. ಹುಣ್ಣಿಮೆ ತನಕ ಹೂ ಬಿಡದಿದ್ರೆ ಗಿಡದ ಮೇಲೇ ನೀರು ಬಿಡ್ತೆ, ಮತ್ತೆ ಮಾತಾಡೂದಿಲ್ಲ." ಉಸಿರು ತೆಗೆದುಕೊಂಡು ಸೇರಿಸಿದ, "ಈ ವರ್ಷ ಬಾಗಿಲ ಬುಟ್ಟಿ ನಂಗೆ ಬೇಡ. ಎಲ್ಲರೂ ಪಾಲು ಹಾಕ್ಕಳಿ."

ನಗು ನಿಂತಿತು. ಬಾಗಿಲ ಬುಟ್ಟಿ ಅಂದರೆ ಮೀನಲ್ಲ ಎಂದು ಅಲ್ಲಿದ್ದವರಿಗೆ ಗೊತ್ತಿತ್ತು. ರಾಮನಾಥ ಅಡಿಕೆ ಹೋಳನ್ನು ಬೆರಳಲ್ಲಿ ಹೊರಳಿಸುತ್ತ ಕೂತ. ಅವನ ಹಿರಿಯ ಮಗ ಹುಟ್ಟಿದ ವರ್ಷ ಆ ಬುಟ್ಟಿ ಬಂದಿಳಿದದ್ದು ಇದೇ ಅಂಗಳದಲ್ಲಿ.

"ಅಲ್ಲಾ ಮಾರಾಯಾ," ಎಂದು ಹುಲಿಯಾ ಗಂಟಲು ಸರಿಮಾಡಿಕೊಂಡ, "ಹುಣ್ಣಿಮೆ ನೀರಿಗೆ ಬಂದ್ರೆ ಶೆಟ್ಲಿಗೆ ಈಜೂಕೆ ಮರೀತದ್ಯಾ?"

ಯಾರೋ ಫಕ್ಕನೆ ನಕ್ಕರು. ರಾಮನಾಥ ಅಡಿಕೆಯನ್ನು ಬಾಯಿಗೆ ಹಾಕಿಕೊಂಡ. "ಹುಣ್ಣಿಮೆ ಅಂದ್ರೆ ಹುಣ್ಣಿಮೆ. ಒಂದು ಭರತಿ ಆಚೆ ಇಲ್ಲ," ಎಂದ.

ಮನೆಗೆ ಬರುವಾಗ ಬೊಮ್ಮಯ್ಯ ತನ್ನ ಅಂಗಳ ದಾಟಿ ನಾಲ್ಕು ಹೆಜ್ಜೆ ಮುಂದೆ ಹೋಗಿಬಿಟ್ಟ. ಬೇಡಿದ್ದಕ್ಕೆ ಅಲ್ಲ. ಬೇಡಿಯೂ ತಲೆ ತಗ್ಗಲಿಲ್ಲವಲ್ಲ, ಅದು ಹೇಗೆ ಎಂದು ತಿಳಿಯದೆ.

ದೀಪಾವಳಿಯ ಭರತಿ ಬಂತು. ಹೊರಗಿನಿಂದ ಹಲಗೆಯನ್ನು ಒತ್ತಿ ಒತ್ತಿ ನೋಡಿ ಹಿಂದೆ ಹೋಯಿತು. ಆಚೀಚಿನ ಗಜನಿಗಳಲ್ಲೆಲ್ಲ ನೀರು ಹೊಳೆಯುತ್ತಿತ್ತು, ಇದೊಂದೇ ಒಣ ಕೂಳೆಯಲ್ಲಿ ಹಳದಿಯಾಗಿ ಕೂತಿತ್ತು. ಗಿಡದಲ್ಲಿ ಮೊಗ್ಗು ಕಂಡದ್ದು ಅದಾಗಿ ವಾರದ ಮೇಲೆ. ಹುಣ್ಣಿಮೆಯ ಹಿಂದಿನ ಸಂಜೆಗೂ ಅವು ಮುಚ್ಚಿಕೊಂಡೇ ಇದ್ದವು, ಎಳ್ಳಿನಷ್ಟು ಬಿಳಿ ತೋರಿಸಿ.

ಹುಣ್ಣಿಮೆಯ ಬೆಳಿಗ್ಗೆ ಪಾದ್ರಿಗಳು ಬಾಡಿಗೆ ಕಾರಿನಲ್ಲಿ ಬಂದರು. ರಸ್ತೆಯಿಂದ ಕಟ್ಟೆಗೆ ಕಾರು ಬರುವುದಿಲ್ಲ. ಹುಲಿಯಾ ತನ್ನ ಮನೆಯ ಮರದ ಕುರ್ಚಿ ತಂದಿದ್ದ. ಪಾದ್ರಿಗಳನ್ನು ಅದರಲ್ಲಿ ಕೂರಿಸಿ ಒಂದು ಬದಿ ಅವನು ಹಿಡಿದ. ಇನ್ನೊಂದು ಬದಿ ಯಾರು ಎಂದು ನೋಡುತ್ತಿರುವಾಗ ರಾಮನಾಥ ಪಂಚೆ ಎತ್ತಿ ಕಟ್ಟಿ ಮುಂದೆ ಬಂದ.

"ಇದೆಂತ, ನನಗೆ ಪಲ್ಲಕ್ಕಿ!" ಎಂದರು ಪಾದ್ರಿಗಳು.

"ಹೆದ್ರಬೇಡಿ ಪಾದ್ರಿಗಳೇ, ಬಿದ್ರೆ ಕೆಸರು ಮೆತ್ತಗದೆ," ಎಂದ ಹುಲಿಯಾ.

ಸೂರ್ಯ ತೆಂಗಿನ ಮೇಲೆ ಏರುವಾಗ ಮೊದಲ ಹೂ ಬಿಚ್ಚಿತು. ಐದು ಎಸಳು, ಅಕ್ಕಿಯ ಬಿಳುಪು, ಕಿರುಬೆರಳ ಉಗುರಿನಷ್ಟು. ರಂಜನಾ ಹೊಟ್ಟೆಯ ಮೇಲೆ ಮಲಗಿ ಭೂತಗನ್ನಡಿ ಹಿಡಿದಳು. ಪಾದ್ರಿಗಳು ಕೊಡೆಯ ಕೆಳಗೆ ಕುರ್ಚಿಯಿಂದ ಬಗ್ಗಿ, ಕಾಣದಿದ್ದರೂ ಕಾಣುವ ಕಡೆಗೆ ಮುಖ ಮಾಡಿದರು. ಕೊಯ್ಲು ಮುಗಿದು ಕೆಲಸವಿಲ್ಲದ ಕೇರಿಗೆ ಕೇರಿಯೇ ಕಟ್ಟೆಯ ಮೇಲೆ ಬಂದು ಕೂತಿತು. ಇಷ್ಟೇ ಇದ್ಯಾ ಹೂ ಎಂದು ಕೆಲವರಿಗೆ ನಿರಾಸೆ. ಆದರೂ ಯಾರೂ ಎದ್ದು ಹೋಗಲಿಲ್ಲ. ಮಾದೇವಿ ದೊಡ್ಡ ಪಾತ್ರೆಯಲ್ಲಿ ಹೊಸ ಕಗ್ಗದ ಅಕ್ಕಿಯ ಗಂಜಿ, ಸುಟ್ಟ ಒಣಮೀನು, ಅಪ್ಪೆಮಿಡಿ ತಂದಳು. ಪಾದ್ರಿಗಳು ಮೀನು ಬಾಯಿಗಿಟ್ಟು, ಇದಕ್ಕೆ ಲ್ಯಾಟಿನ್‌ನಲ್ಲಿ ಮಾತಿಲ್ಲ ಎಂದರು. ಎಲ್ಲರೂ ಅವರ ಸುತ್ತ ನೆರೆದು ನಕ್ಕು, ಗೋವೆಯ ಕಡೆಯ ಮೀನು ಚಲೋದೋ ಅಂಕೋಲೆಯದೋ ಎಂದು ವಾದಕ್ಕೆ ಬಿದ್ದರು. ರಂಜನಾಳೂ ಎದ್ದು ಕೂತು ಗಂಜಿ ಉಂಡಳು. ಬೊಮ್ಮಯ್ಯ ಅಂಕೋಲೆಯ ಪರ ಎರಡು ಮಾತು ಜೋರಾಗಿಯೇ ಆಡಿದ.

ತಿರುಗಿ ನೋಡಿದಾಗ ಎಸಳಿನ ಅಂಚು ಕೆಂಪಗಿತ್ತು.

"ಆಯ್ತಾ?" ಎಂದು ಪಾದ್ರಿಗಳು ಕೇಳಿದರು. "ಯಾವಾಗ ಹಿಡೀತು? ಅಂಚಿನಿಂದಲೋ, ಬುಡದಿಂದಲೋ?"

ರಂಜನಾ ಬೊಮ್ಮಯ್ಯನನ್ನು ನೋಡಿದಳು, ಬೊಮ್ಮಯ್ಯ ಹುಲಿಯಾನನ್ನು. ಹುಲಿಯಾ ಬೆರಳಲ್ಲಿದ್ದ ಮೀನಿನ ಮುಳ್ಳನ್ನು ನೋಡಿದ. ಅಷ್ಟು ಜನ ಅಲ್ಲಿದ್ದೂ ಹಿಡಿದ ಗಳಿಗೆಯನ್ನು ಯಾರೂ ನೋಡಿರಲಿಲ್ಲ.

"ನೋಡ್ಲಿಲ್ಲಾ," ಅಂದ ಬೊಮ್ಮಯ್ಯ. ಈ ಸಲ ಆ ಮಾತು ಸಲೀಸಾಗಿ ಬಂತು.

ಪಾದ್ರಿಗಳು ಮೈ ಕುಲುಕಿಸಿ ನಕ್ಕರು, ಕಣ್ಣೊರೆಸಿಕೊಂಡರು. ಇನ್ನೂ ಮೊಗ್ಗು ಉಳಿದಿದ್ದವು. ಮಧ್ಯಾಹ್ನದ ಬಿಸಿಲಿಗೆ ಇನ್ನೆರಡು ಬಿಚ್ಚಿ, ಅವೂ ಅಂಚಿನಿಂದಲೇ ಬಣ್ಣ ಏರಿಸಿಕೊಂಡವು. ಇಳಿಬಿಸಿಲಿಗೆ ಮೊದಲನೆಯದು ಪೂರ್ತಿ ಕುಂಕುಮವಾಯಿತು. ರಂಜನಾ ಬರೆದುಕೊಂಡಳು, ಚಿತ್ರ ತೆಗೆದಳು, ಒಂದು ಕಡ್ಡಿ ಕೊಯ್ದು ಕಾಗದಗಳ ನಡುವೆ ಇಟ್ಟಳು. ಪಾದ್ರಿಗಳು ಸಾಲು ಹೇಳುತ್ತಿದ್ದರು, ಪೂಜೆಯಲ್ಲಿ ಹೇಳುವ ಹಾಗೆ ರಾಗವಾಗಿ. ನಡುವೆ ಒಂದು ಕಡೆ ನಿಂತು, ರುಬೆಶಿತ್ ಎಂಬ ಮಾತನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು. ರಾಮನಾಥ ಅದನ್ನು ಮೆಲ್ಲಗೆ ಬಾಯಲ್ಲಿ ಹೊರಳಿಸಿ ನೋಡಿದ್ದನ್ನು ಬೊಮ್ಮಯ್ಯ ಕಂಡ.

ಹೊತ್ತು ಇಳಿಯಿತು. ಹಳ್ಳದಲ್ಲಿ ನೀರು ತಿರುಗಿ ಮೇಲಕ್ಕೆ ಎಳೆಯತೊಡಗಿತು. ಬಲೆ ಒಡ್ಡಿದರು. ರಾಮನಾಥ ಬಾಗಿಲ ಹತ್ತಿರ ಬಂದು ಖಾಲಿ ಬುಟ್ಟಿಯನ್ನು ಬೊಮ್ಮಯ್ಯನ ಮುಂದಿಟ್ಟ. ಯಾರ ಕಡೆಗೂ ನೋಡದೆ, "ಬೊಮ್ಮಯ್ಯಣ್ಣಾ, ಭರತಿ ಬಂತು," ಎಂದ.

ಬೊಮ್ಮಯ್ಯ ಕಟ್ಟೆ ಇಳಿದು ಮೇಲಿನ ಹಲಗೆಗೆ ಕೈ ಹಾಕಿದ. ಮೊಣಕಾಲು ಕಿರುಗುಟ್ಟಿತು, ಹಲಗೆ ಮಾತ್ರ ಮಾತಿಲ್ಲದೆ ಎದ್ದು ಬಂತು. ಅದನ್ನು ಒರಗಿಸಿಟ್ಟ. ಪ್ರತಿ ವರ್ಷ ಇಷ್ಟಾದ ಮೇಲೆ ಅವನು ಕೈ ತೊಳೆದು, ಜನದ ಕಡೆ ತಿರುಗಿ, ಎಲೆ ಅಡಿಕೆಗೆ ಕೈ ಒಡ್ಡುವವನು. ನೀರು ತಾನಾಗಿ ಏರಿ ಬರುತ್ತದೆ, ಅದರಲ್ಲಿ ನೋಡುವುದೇನು?

ಈ ಸಲ ಅವನು ತಿರುಗಲಿಲ್ಲ. ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತ. "ತಂಗೀ, ಇಲ್ಲಿ ಬಾ. ದಾಟೂಕೆ ಹಿಡಿಯೂದು ನೋಡುವ," ಎಂದ. ರಂಜನಾ ಬಂದು ಪಕ್ಕದಲ್ಲಿ ಕೂತಳು. ಮೇಲೆ ಮಾತಾಡುತ್ತಿದ್ದವರು, ಇವರಿಗೇನಾಯಿತೆಂದು ಒಬ್ಬೊಬ್ಬರಾಗಿ ಬಗ್ಗಿ ನೋಡತೊಡಗಿದರು. ಎರಡನೇ ಹಲಗೆಯ ಸಂದಿನಲ್ಲಿ ಶಿತ್ ಎಂದು ಸಣ್ಣ ಸದ್ದು. ಪಾದ್ರಿಗಳು ಕುರ್ಚಿಯಲ್ಲಿ ಕಿವಿಗೊಟ್ಟು ಕೂತರು. ಹೊರಗಿನ ನೀರು ಬೆರಳಷ್ಟು ಏರಿತು, ಇನ್ನೊಂದು ಕೂದಲೆಳೆ ಏರಿತು, ಹಲಗೆಯ ಅಂಚಿಗೆ ಬಂದು, ದಾಟದೆ, ಉದ್ದಕ್ಕೂ ಉಬ್ಬಿ ನಿಂತಿತು.

ಬೊಮ್ಮಯ್ಯ ಕಣ್ಣು ಮಿಟುಕಿಸಲಿಲ್ಲ.